ಶುಗರ್ ಪ್ಲಸ್ ಪ್ಲಸ್

ರೊಟ್ಟಿ ಬಡಿಯುವ ಸಪ್ಪಳದಲ್ಲೇ ಯಾವ ರೊಟ್ಟಿ ಯಾರದೆಂದು ಆ ಮನೆಯಲ್ಲಿ ಗೊತ್ತಾಗುತ್ತಿತ್ತು. ಕಾಕಾನದು ಅಗಲವಾದದ್ದು, ಆಯಿಯ ಅಂಗೈ ಬಹಳ ಹೊತ್ತು ಪಟಪಟ ಎನ್ನುತ್ತಿತ್ತು, ನಡುನಡುವೆ ಬಳೆಗಳು ಮೊಣಕೈಯತ್ತ ಜಾರಿ ಮತ್ತೆ ಕೆಳಗೆ ಬರುತ್ತಿದ್ದವು. ನನ್ನದು ಅದಕ್ಕಿಂತ ಸಣ್ಣದು. ಎಲ್ಲಕ್ಕಿಂತ ಕೊನೆಯದು ಚಿಗವ್ವನದು. ನಾಲ್ಕು ಬಡಿತ, ಒಂದು ತಿರುವು, ಇನ್ನು ನಾಲ್ಕು ಬಡಿತ, ಅಷ್ಟಕ್ಕೇ ಸಪ್ಪಳ ನಿಲ್ಲುತ್ತಿತ್ತು. ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತ ನಾನು ಆ ಎಂಟು ಬಡಿತಗಳನ್ನು ಲೆಕ್ಕ ಹಾಕುತ್ತಿದ್ದೆ. ಹೆಚ್ಚಾದದ್ದು ಒಂದು ದಿನವೂ ನೆನಪಿಲ್ಲ. ಚಿಗವ್ವ ಏಳು ತಿಂಗಳ ಬಸುರಿಯಾಗಿದ್ದಳು.

ಈಗ ನವನಗರದ ನಮ್ಮ ಮನೆಯಲ್ಲಿ, ಫ್ರಿಜ್ಜಿನ ಬಾಗಿಲಿಗೆ ನನ್ನ ಮೊಮ್ಮಗಳ ಡಯಟ್ ಚಾರ್ಟ್ ಅಂಟಿಸಿದೆ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ಶುಗರ್ ನೋಡಿಕೊಂಡು ಅದರ ಪಕ್ಕದಲ್ಲಿ ಬರೆಯುತ್ತಾಳೆ. ಮೊನ್ನೆ ಸ್ಕ್ಯಾನ್ ರಿಪೋರ್ಟನ್ನು ಮೊಬೈಲಿನಲ್ಲಿ ತೋರಿಸಿದಳು. “ಬೇಬಿ ಈಗ್ಲೇ ಮೂರೂವರಿ ಕೆಜಿ ಐತಂತ ಅಜ್ಜಿ, ಇನ್ನೂ ಮೂರು ವಾರ ಐತಿ. ನನಗ ಅಂಜಿಕಿ ಆಗಾಕತ್ತೈತಿ. ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ?” ಎಂದಳು. ಡಾಕ್ಟರು ಹೇಳಿದ ಹಾಗೆ ಮಾಡು ಎಂದೆ. ಅವಳು ಕೇಳಿದ್ದು ಅದನ್ನಲ್ಲ, ಐ ನೋ. ಕೇಳಿದ್ದಕ್ಕೆ ಉತ್ತರ ಹೇಳಲು ಬಾಯಿ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಅವ್ವ ನಾನು ಮೂರು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಳು. ಅಪ್ಪನದು ರೈಲ್ವೆ ನೌಕರಿ, ಊರೂರು ತಿರುಗುವುದು. ಹೆಣ್ಣುಮಗಳನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದರು. ರಜೆ ಬಂದರೆ ಇಳಕಲ್ಲಿಗೆ, ಅಪ್ಪನ ತಾಯಿ ಆಯಿಯ ಮನೆಗೆ ಬರುತ್ತಿದ್ದೆ. ಅಪ್ಪನ ತಮ್ಮ ಕಾಕಾ, ನೇಕಾರರಿಗೆ ರೇಷ್ಮೆ ನೂಲು ತೂಗಿ ಕೊಟ್ಟು, ನೇಯ್ದ ಸೀರೆ ತೂಗಿ ತೆಗೆದುಕೊಳ್ಳುವವನು. ಪಡಸಾಲೆಯ ತೊಲೆಗೆ ತಕ್ಕಡಿ ತೂಗುಬಿದ್ದಿತ್ತು. ಗೂಟಗಳಲ್ಲಿ ಕೆಂಪು, ಹಸಿರು ನೂಲಿನ ಲಡಿಗಳು. ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮಗ್ಗುಲಿಗೆ ಕಿಟಕಿಯಿಲ್ಲದ ಒಂದು ಕೋಣೆ. ಜೋಳದ ಚೀಲ ಇಡುವುದೂ ಅಲ್ಲಿಯೇ, ಬಾಣಂತಿ ಮಲಗುವುದೂ ಅಲ್ಲಿಯೇ. ನೆಲಕ್ಕೆ ಹಾಸಿದ್ದ ಕಲ್ಲು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಕಾಕಾನ ಹೆಂಡತಿ ನೀಲವ್ವ, ನನ್ನ ಚಿಗವ್ವ, ನನಗಿಂತ ಒಂಬತ್ತು ಹತ್ತು ವರ್ಷ ದೊಡ್ಡವಳಿರಬೇಕು ಅಷ್ಟೇ. ಬಾದಾಮಿಯ ಹುಡುಗಿ. ನಾನು ಬೋರ್ಡಿಂಗಿನ ಸಿಸ್ಟರುಗಳ ನಡೆ ನುಡಿ ಅನುಕರಿಸಿ ತೋರಿಸಿದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. “ಇನ್ನೊಮ್ಮೆ ಮಾಡ ತಂಗಿ, ಆ ಮದರ್ ಸುಪೀರಿಯರ್ ಸೀನೂದ ಮಾಡ” ಎನ್ನುತ್ತಿದ್ದಳು.

ಅವಳ ಮೊದಲ ಹೆರಿಗೆ ತವರಿನಲ್ಲಿ ಆಗಿತ್ತು. ಕೂಸು ದೊಡ್ಡದು, ಗಂಡು. ಹೊರಗೆ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಆಯಿಯ ಪ್ರಕಾರ ಅದಕ್ಕೆ ಕಾರಣ ಒಂದೇ: ತವರಿನವರು ಮುದ್ದು ಮಾಡಿ ತಿನ್ನಿಸಿದ್ದು. ಹೊಟ್ಟೆಯಲ್ಲಿ ಕೂಸು ಬಲಿತರೆ ಹೊರಬರುವ ದಾರಿ ಸಾಲುವುದಿಲ್ಲ. ಬಸುರಿ ಅರೆಹೊಟ್ಟೆ ಉಂಡರೆ ಕೂಸು ಸಣ್ಣದಾಗಿ ಹಗುರಾಗಿ ಬರುತ್ತದೆ. ಅದು ಆಯಿ ಒಬ್ಬಳ ಮಾತಲ್ಲ, ಓಣಿಯ ಎಲ್ಲ ಹಿರಿಯರೂ ಹಾಗೇ ಹೇಳುತ್ತಿದ್ದರು. ಈ ಸಲ ತವರಿಗೆ ಕಳಿಸಲಿಲ್ಲ. ಕಣ್ಣ ಮುಂದೆಯೇ ಇಟ್ಟುಕೊಂಡು, ಒಂದು ಸಣ್ಣ ರೊಟ್ಟಿ, ಒಂದು ಸೌಟು ಪಲ್ಯ, ನೀರು ಮಜ್ಜಿಗೆ. ಹಾಲಿಲ್ಲ, ತುಪ್ಪವಿಲ್ಲ. ಚಿಗವ್ವ ಎಂದೂ ಕೇಳಿದವಳಲ್ಲ. ಒಮ್ಮೆ ಮಾತ್ರ, ನಾನು ತಾಟಿನಲ್ಲಿ ಬಿಟ್ಟಿದ್ದ ಅರ್ಧ ರೊಟ್ಟಿಯನ್ನು ಹಿತ್ತಲಿಗೆ ಒಯ್ಯುವಾಗ ಬಾಯಿಗೆ ಹಾಕಿಕೊಂಡಳು. ಆಯಿ ನೋಡಿದಳು.

“ತಿನ್ನ, ತಿನ್ನ. ಮದಲನೇದನ್ನ ತಿಂದಿ, ಇದನ್ನೂ ತಿನ್ನ.”

“ಹಸಿವಿ ಆಗಿತ್ರಿ ಅತ್ತಿ.”

“ಹಸಿವಿ ಒಂಬತ್ತ ತಿಂಗಳ ತಡಿಯಾಕ ಆಗಂಗಿಲ್ಲ? ಈ ಸರ್ತಿನೂ ಬರೇ ಕೈಲೆ ಎದ್ದಿ ಅಂದ್ರ ನನ್ನ ಮಗನಿಗಿ ನಾ ಬ್ಯಾರೆ ಹೆಣ್ಣ ನೋಡಾಕಿ. ನೀ ನಿನ್ನ ಬಾದಾಮಿಗಿ ಹೋಗಿ ಹೊಟ್ಟಿ ತುಂಬ ಉಣ್ಣಾಕಂತಿ.”

ಕಾಕಾ ನೂಲು ತೂಗುತ್ತಿದ್ದ. ತಕ್ಕಡಿ ನಿಲ್ಲುವವರೆಗೂ ಮುಳ್ಳಿನ ಮೇಲಿನ ಕಣ್ಣು ತೆಗೆಯಲಿಲ್ಲ. ಆ ಮಾತು ಬೆದರಿಕೆಯಲ್ಲ, ಆಗಲೇ ತೀರ್ಮಾನವಾದದ್ದು ಎಂದು ಹತ್ತು ವರ್ಷದ ನನಗೂ ತಿಳಿಯಿತು.

ಅಷ್ಟರಲ್ಲಿ ಅಪ್ಪನ ಪೋಸ್ಟ್ ಕಾರ್ಡ್ ಬಂತು. ಬಾಗಲಕೋಟೆಗೆ ಒಬ್ಬ ಲೇಡಿ ಡಾಕ್ಟರ್ ಬಂದಿದ್ದಾಳೆ, ಈ ಸಲ ಒಮ್ಮೆಯಾದರೂ ತೋರಿಸಿರಿ ಎಂದು ಬರೆದಿದ್ದರು. ಆಯಿಗೆ ದವಾಖಾನೆ ಎಂದರೆ ಆಗುತ್ತಿರಲಿಲ್ಲ. ಆದರೆ ಬಾಗಲಕೋಟೆಯಿಂದ ಮುಂದಕ್ಕೆ ಹೋದರೆ ತುಳಸಿಗೇರಿ. ಹಣಮಪ್ಪನಿಗೆ ಹರಕೆ ಹೊತ್ತು ಬರಬಹುದು ಎಂದು ಒಪ್ಪಿದಳು. ಒಂದು ಶನಿವಾರ ಕಾಕಾ, ಆಯಿ, ಚಿಗವ್ವ ಮೂವರೂ ಹೊರಟರು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟರು. ಸಂಜೆ ಮರಳಿದಾಗ ಆಯಿಯ ಕೈಯಲ್ಲಿ ಎರಡು ವಸ್ತುಗಳಿದ್ದವು: ಎಲೆಯಲ್ಲಿ ಕಟ್ಟಿದ ಸಿಂಧೂರ, ನಾಲ್ಕು ಮಡಿಕೆಯ ಒಂದು ಚೀಟಿ.

“ಏನಂದ್ಲು ಡಾಕ್ಟರಬಾಯಿ?” ಎಂದು ಕೇಳಿದೆ.

“ಏನಂದ್ಲೋ!” ಎಂದಳು ಆಯಿ. “ಗಟ್ಟದ ಕೆಳಗಿನಾಕಿ. ಅಕಿ ಮಾತು ಪುಸ್ತಕ ಓದಿದಂಗ. ಸಿಹಿ ಸಿಹಿ ಅಂತಿದ್ಲು, ಅದೊಂದು ತಿಳೀತು. ನಿಮ್ಮ ಕಾಕಾನ್ನ ಒಳಗ ಬಿಡಲಿಲ್ಲ, ಹೆಣ್ಣಮಕ್ಕಳ ಕೋಣಿ ಅಂತ. ಕಡೀಕ ಇದನ್ನ ಬರದಕೊಟ್ಟು, ಇಂಗ್ಲಿಷ ಬರಾವ್ರಿಗೆ ತೋರಸ್ರಿ ಅಂದ್ಲು.”

“ಸಾಲಿ ಮಾಸ್ತರಗ ತೋರಿಸಿ ಬರ್ತೇನಿ ತಡಿ,” ಎಂದು ಕಾಕಾ ಮತ್ತೆ ಚಪ್ಪಲಿ ಮೆಟ್ಟಿದ.

“ಮನ್ಯಾಗ ಇಂಗ್ಲಿಷ ಇಟಗೊಂಡು ಹೊರಗ್ಯಾಕ ಹೊಂಟಿ? ಹೆಂಗಸರ ಹೊಟ್ಟಿ ಸುದ್ದಿ ಮಾಸ್ತರಗ ಯಾಕ ಬೇಕು? ನಮ್ಮ ಕುಸುಮಿ ಓದ್ತಾಳ.”

ಆಯಿ ನನ್ನನ್ನು ಹೊಗಳಿದ್ದು ಅದೇ ಮೊದಲು. ಕೈ ತೊಳೆದುಕೊಂಡು ಬಂದು, ಬೋರ್ಡಿಂಗಿನಲ್ಲಿ ಬೈಬಲ್ ಓದಲು ನಿಲ್ಲಿಸಿದಂತೆ ನೆಟ್ಟಗೆ ನಿಂತೆ. ಹ್ಯಾಂಡ್‌ರೈಟಿಂಗ್ ಕೆಟ್ಟದಾಗಿತ್ತು. ಒಂದು ಸಾಲು ಓದಲಾಗಲೇ ಇಲ್ಲ; ಅದನ್ನು ಯಾರಿಗೂ ಹೇಳಲಿಲ್ಲ. ಉಳಿದದ್ದು ಇಷ್ಟು: ‘ಯು’ ಎಂಬ ಒಂದೇ ಅಕ್ಷರ, ಅದರ ಮುಂದೆ ಶುಗರ್, ಅದರ ಮುಂದೆ ++ ಎಂದು ಎರಡು ಗುರುತು. ಕೆಳಗೆ ಒಂದು ಪ್ರಶ್ನೆ ಚಿಹ್ನೆ, ಅದರ ಎದುರು ಲಾರ್ಜ್ ಬೇಬಿ. ಅದರ ಕೆಳಗೆ ಡಯಟ್. ಕೊನೆಗೆ ರಿವ್ಯೂ, ಒನ್ ವೀಕ್. ನಮ್ಮ ಆಟೋಗ್ರಾಫ್ ಬುಕ್ಕುಗಳಲ್ಲಿ ಗೆಳತಿಯರು ‘ಯು’ ಎಂದು ಒಂದಕ್ಷರ ಬರೆದರೆ ‘ನೀನು’ ಎಂದೇ ಅರ್ಥ. ಪ್ಲಸ್ ಎಂದರೆ ಕೂಡಿಸುವುದು. ಗಣಿತದಲ್ಲಿ ನನಗೆ ಯಾವಾಗಲೂ ಫುಲ್ ಮಾರ್ಕ್ಸ್.

“ನೀ ಸಕ್ರಿ ಹೆಚ್ಚ ಮಾಡು ಅಂತ ಬರದಾರ. ಒಂದ ಪ್ಲಸ್ ಅಲ್ಲ, ಎರಡ ಪ್ಲಸ್. ಅಂದ್ರ ಡಬಲ್. ಡಯಟ್ ಅಂದ್ರ ಊಟ. ಊಟದಾಗ ಹಾಕಬೇಕಂತ.”

ಆಯಿ, “ಕೂಸು ದೊಡ್ಡದಾಗಂಗಿಲ್ಲೇನ?” ಎಂದಳು.

“ಅದನ್ನೂ ಬರದಾರ ಆಯಿ. ಲಾರ್ಜ್ ಬೇಬಿ ಅಂತ ಬರದು ಕ್ವೆಶ್ಚನ್ ಮಾರ್ಕ್ ಹಾಕ್ಯಾರ. ದೊಡ್ಡ ಕೂಸು ಬೇಕೋ ಬ್ಯಾಡೋ ಅಂತ ಕೇಳ್ಯಾರ.”

“ಬೇಕು,” ಎಂದ ಕಾಕಾ ಬಾಗಿಲಿನಿಂದಲೇ. “ಯಾರಿಗಿ ಬ್ಯಾಡ?”

ಆ ಮನೆಯಲ್ಲಿ ಕಾಕಾ ಹಾಗೆ ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿದ್ದು ಕಡಿಮೆ. ಆಯಿ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಲೆಕೆಳಗಾಗಿ ಹಿಡಿದು ನೋಡಿದಳು. ಸಿಹಿ ಎಂದದ್ದನ್ನು ಅವಳೂ ತನ್ನ ಕಿವಿಯಿಂದಲೇ ಕೇಳಿದ್ದಳಲ್ಲ. ಮೊದಲ ಕೂಸಿನ ಪಾಪ ತವರಿನವರ ತಲೆಯ ಮೇಲಿತ್ತು. ಈಗ ಡಾಕ್ಟರ ಮಾತು ಮೀರಿ ಏನಾದರೂ ಆದರೆ ತನ್ನ ತಲೆಯ ಮೇಲೆ ಬರುತ್ತದೆ ಎಂದು ಅನ್ನಿಸಿರಬೇಕು. ಚಿಗವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕುಳಿತಿದ್ದಳು. ಪ್ರಯಾಣದಿಂದ ಪಾದಗಳು ಬಾತಿದ್ದವು. ನನ್ನನ್ನು ನೋಡಿದಳು, ಆಯಿಯನ್ನು ನೋಡಿದಳು, ತಲೆ ತಗ್ಗಿಸಿದಳು.

ಮರುದಿನದಿಂದ ಆ ಮನೆಯ ವಾಸನೆಯೇ ಬೇರೆಯಾಯಿತು. ಆಯಿ ಯಾವುದನ್ನೂ ಅರ್ಧಕ್ಕೆ ಮಾಡುವವಳಲ್ಲ. ಉಪವಾಸ ಹಾಕಿದಷ್ಟೇ ಕಟ್ಟುನಿಟ್ಟಾಗಿ ಉಣ್ಣಿಸತೊಡಗಿದಳು. ಬೆಳಿಗ್ಗೆ ಸಕ್ಕರೆ ಹಾಕಿದ ಗಟ್ಟಿ ಹಾಲು, ಮಧ್ಯಾಹ್ನ ರೊಟ್ಟಿಯ ಜೊತೆ ಗೋಧಿ ಹುಗ್ಗಿ, ಸಂಜೆ ಬೆಲ್ಲದ ಮಾದಲಿಗೆ ಹಾಲು ತುಪ್ಪ, ಮಲಗುವ ಮುಂಚೆ ರವೆ ಉಂಡಿ. ಚಿಗವ್ವ ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ತಿಂದು ಬೆರಳಿಗೆ ಅಂಟಿದ ತುಪ್ಪವನ್ನು ಮೊಣಕೈಗೆ ತಿಕ್ಕಿಕೊಳ್ಳುತ್ತಿದ್ದಳು. ಒಂದು ವಾರವಾದಾಗ ಆಯಿ ಚೀಟಿಯ ಕೊನೆಯ ಸಾಲು ನೆನಪಿಸಿದಳು. ರಿವ್ಯೂ ಎಂದರೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಟರ್ಮ್ ಪರೀಕ್ಷೆಗೆ ಮುಂಚೆ ನಮ್ಮ ಸಿಸ್ಟರ್ ರಿವ್ಯೂ ಎಂದು ಬೋರ್ಡಿನ ಮೇಲೆ ಬರೆದರೆ, ಹಳೆಯ ಪಾಠ ತೆಗೆದು ಮತ್ತೊಮ್ಮೆ ಓದಬೇಕು.

“ವಾರಕ್ಕೊಮ್ಮೆ ಈ ಚೀಟಿ ಮತ್ತ ಓದಬೇಕಂತ ಆಯಿ. ಮರೀಬಾರದಂತ.”

ಓದಿದೆ. ಆ ಭಾನುವಾರ, ಅದರ ಮುಂದಿನ ಭಾನುವಾರ, ಅದರ ಮುಂದಿನದೂ. ಮೂವರೂ ಕುಳಿತು ಕೇಳುತ್ತಿದ್ದರು. ಬಾಗಲಕೋಟೆಗೆ ಮತ್ತೆ ಯಾರೂ ಹೋಗಲಿಲ್ಲ.

ಅದರ ನಂತರದ ದಿನಗಳಲ್ಲಿ ಚಿಗವ್ವನಿಗೆ ಬಾಯಾರಿಕೆ ಶುರುವಾಯಿತು. ತಂಬಿಗೆ ತುಂಬಿಸಿ ಕೊಟ್ಟಷ್ಟೂ ಖಾಲಿ. ಐದು ನಿಮಿಷಕ್ಕೊಮ್ಮೆ ಹಿತ್ತಲ ಬಚ್ಚಲಿಗೆ ಏಳುತ್ತಿದ್ದಳು, ನಾನು ಕೈ ಹಿಡಿದು ಒಯ್ಯುತ್ತಿದ್ದೆ. ಬಚ್ಚಲ ಕಲ್ಲಿನ ಮೇಲೆ ಕೆಂಪಿರುವೆಗಳು ಸಾಲುಗಟ್ಟುತ್ತಿದ್ದವು. ಅದನ್ನು ಮೊದಲು ಕಂಡವಳು ನಾನೇ. ಹೊಟ್ಟೆ ಮುಂದಕ್ಕೆ ಅಷ್ಟು ಬಂದಿತ್ತೆಂದರೆ, ಅವಳು ಒಲೆಯ ಮುಂದೆ ಬಾಗಲಾರದೆ ನಿಂತೇ ಕಟ್ಟಿಗೆ ಮುಂದಕ್ಕೆ ತಳ್ಳುತ್ತಿದ್ದಳು. ಸೂಲಗಿತ್ತಿ ಖಾಜಾಬಿ ವಾರಕ್ಕೊಮ್ಮೆ ಬಂದು ಹೊಟ್ಟೆ ನೀವಿ ಹೋಗುತ್ತಿದ್ದಳು. ಓಣಿಯ ಅರ್ಧ ಮಂದಿಯನ್ನು ಭೂಮಿಗೆ ತಂದವಳು ಅವಳೇ. ಒಂದು ದಿನ ಬಹಳ ಹೊತ್ತು ಎರಡೂ ಅಂಗೈ ಇಟ್ಟುಕೊಂಡು ಕುಳಿತಳು.

“ಆಯಿ, ಭಾಳ ಭಾರ ಐತ್ರಿ ಇದು. ನಾ ಇಷ್ಟ ಭಾರಾದ್ದು ಹಿಡದಾಕಿ ಅಲ್ಲ. ಮದಲನೇದರ ಗತಿ ನೋಡೀರಿ. ಖರೇ ಹೇಳ್ತೇನಿ, ದವಾಖಾನಿಗೆ ಒಯ್ಯರಿ.”

“ದವಾಖಾನಿಯವ್ರ ಹೇಳಿದ್ದನ್ನ ಮಾಡಾಕತ್ತೇವಿ. ಚೀಟಿ ಐತಿ.”

“ಚೀಟಿ ಹಡಿತೈತೇನ್ರಿ?”

“ಲಾರ್ಜ್ ಬೇಬಿ ಅಂತ ಅವರ ಬರದಾರ ಖಾಜಾಬಿ,” ಎಂದು ನಾನು ನಡುವೆ ಬಾಯಿ ಹಾಕಿದೆ. “ಅವರಿಗಿ ಗೊತ್ತೈತಿ.”

ಖಾಜಾಬಿ ನನ್ನತ್ತ ತಿರುಗಿದಳು. ಅವಳಿಗೆ ಇಂಗ್ಲಿಷಿನ ಬಗ್ಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಎದ್ದು ಹೋದಳು.

ಶಾಲೆ ಶುರುವಾಗಲು ನಾಲ್ಕು ದಿನವಿತ್ತು. ನನ್ನ ಟ್ರಂಕು ಪಡಸಾಲೆಗೆ ಬಂದು ಕುಳಿತಿತ್ತು. ಬೆಳಿಗ್ಗೆ ಚಿಗವ್ವನಿಗೆ ನೋವು ಬಂತು. ಆಯಿ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ನೂಲಿನ ಲಡಿಗಳನ್ನು ಬಣ್ಣಬಣ್ಣ ಬೇರೆ ಮಾಡಲು ಕೊಟ್ಟಳು. ಕಾಕಾ ಕಟ್ಟೆಯ ಮೇಲೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದು ಮತ್ತೆ ಹಿಂದೆ ಸರಿಯುವವರೆಗೂ ಒಳಗಿನ ಕೋಣೆಯಿಂದ ಚಿಗವ್ವನ ದನಿ ಬರುತ್ತಲೇ ಇತ್ತು. ನಾನು ಕೆಂಪನ್ನು ಕೆಂಪಿಗೆ, ಹಸಿರನ್ನು ಹಸಿರಿಗೆ ಇಡುತ್ತಲೇ ಇದ್ದೆ. ಆಮೇಲೆ ಖಾಜಾಬಿಯ ದನಿ.

“ತಲಿ ಬಂತು, ತಲಿ ಬಂತು. ತಡಿ ಮಗಳ, ತಿಣಕಬ್ಯಾಡ. ಯಾ ಅಲ್ಲಾ... ಆಯಿ, ಹೆಗಲ ಸಿಕ್ಕೈತ್ರಿ. ಹೆಗಲ ಬರವಲ್ದು. ಕಾಲ ಹಿಡೀರಿ ಅಕಿದು, ಮ್ಯಾಲ ಎತ್ರಿ, ಎದಿಗೆ ಹಚ್ರಿ!”

ಎಷ್ಟು ಹೊತ್ತೋ ಗೊತ್ತಿಲ್ಲ. ಹೆಚ್ಚು ಹೊತ್ತಿರಲಾರದು. ಈಗ ಮೊಮ್ಮಗಳ ಡಾಕ್ಟರು ಹೇಳುತ್ತಾರೆ, ಅಂಥ ಹೊತ್ತಿನಲ್ಲಿ ಕೆಲವೇ ನಿಮಿಷಗಳು ಕೈಯಲ್ಲಿರುತ್ತವೆ ಎಂದು. ಅದಾದ ಮೇಲೆ ಮನೆ ಸುಮ್ಮನಾಯಿತು. ಕೂಸು ಅಳುವುದನ್ನು ಕಾಯುತ್ತ ಕಾಕಾ ಎದ್ದು ನಿಂತಿದ್ದ. ನಿಂತೇ ಇದ್ದ. ಆಯಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಹೊತ್ತು ಹೊರಗೆ ಬಂದು ಅವನಿಗೆ ಕೊಟ್ಟಳು. ಹೆಣ್ಣು ಕೂಸು. ತುಂಬಿದ ಕೆನ್ನೆ, ಮಣಿಕಟ್ಟಿಗೆ ದಾರ ಕಟ್ಟಿದಂಥ ಮಡಿಕೆ, ತಲೆತುಂಬ ಕೂದಲು. ಮೂರು ತಿಂಗಳ ಕೂಸಿನಂತೆ ಕಾಣುತ್ತಿತ್ತು. ಮುಖ ನೀಲಿಯಾಗಿತ್ತು.

ಆಮೇಲೆ ಕಾಕಾ ಮಾಡಿದ್ದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ನೂಲು ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ಅದನ್ನು ಮಲಗಿಸಿದ. ಇನ್ನೊಂದರಲ್ಲಿ ಕಲ್ಲುಗಳನ್ನಿಟ್ಟ. ಕಿಲೋ ಆಗ ಹೊಸದು, ಓಣಿಯಲ್ಲಿ ಎಲ್ಲರೂ ಇನ್ನೂ ಸೇರಿನಲ್ಲೇ ಮಾತಾಡುತ್ತಿದ್ದರು. ಎರಡು ಕಿಲೋ, ಇನ್ನೆರಡು ಕಿಲೋ, ಆಮೇಲೆ ಅರ್ಧ. ಮುಳ್ಳು ನಿಲ್ಲುವವರೆಗೂ ಕಾದ. “ನಾಲ್ಕೂವರಿ,” ಎಂದ, ಗಿರಾಕಿಗೆ ಹೇಳುವ ದನಿಯಲ್ಲಿ. ಆಯಿ ಬೈಯಲಿಲ್ಲ. ಖಾಜಾಬಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ನಾನು ಅಳಲಿಲ್ಲ. ಲಡಿಗಳೆಲ್ಲ ಬೇರೆಬೇರೆಯಾಗಿದ್ದವು, ಮಾಡಲು ಬೇರೆ ಏನೂ ಉಳಿದಿರಲಿಲ್ಲ.

ನಾಲ್ಕನೆಯ ದಿನ ನಾನು ಹೊರಟಾಗ ಚಿಗವ್ವ ಕಿಟಕಿಯಿಲ್ಲದ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಾಲು ಬಂದಿತ್ತು. ಖಾಜಾಬಿ ಎದೆಗೆ ಹಳೆಯ ಧೋತರದ ಬಟ್ಟೆ ಬಿಗಿದು ಕಟ್ಟಿದ್ದಳು. ದಸರಾ ರಜೆಗೆ ಬಂದಾಗ ಅವಳಿರಲಿಲ್ಲ. ಬಾದಾಮಿಯ ಅಣ್ಣನ ಮನೆಗೆ ಕಳಿಸಿದ್ದರು. ಮುಂದಿನ ಬೇಸಿಗೆಗೆ ಕಾಕಾನ ಹೊಸ ಹೆಂಡತಿ ಇದ್ದಳು. ಒಳ್ಳೆಯ ಹೆಂಗಸು, ಅವಳಿಗೆ ಮೂರು ಮಕ್ಕಳಾದವು. ಆಯಿ ಸಾಯುವವರೆಗೂ ಹೇಳಿದ್ದು ಇಷ್ಟೇ: ದೊಡ್ಡ ಡಾಕ್ಟರು ಹೇಳಿದಂತೆ ಮಾಡಿದೆವು, ಅವಳ ಹಣೆಬರಹ.

ಎಂಟನೇ ಕ್ಲಾಸಿನಲ್ಲಿ ಜ್ವರ ಬಂದು ಬೋರ್ಡಿಂಗಿನ ಸಿಕ್ ರೂಮಿನಲ್ಲಿ ಮಲಗಿದ್ದೆ. ಪಕ್ಕದ ಮಂಚದಲ್ಲಿ ವಯಸ್ಸಾದ ಒಬ್ಬ ಸಿಸ್ಟರ್. ಅವರ ಮಂಚಕ್ಕೆ ತೂಗುಹಾಕಿದ ಕಾರ್ಡಿನ ಮೇಲೆ ಅದೇ ಯು, ಅದೇ ಶುಗರ್, ಅದೇ ಎರಡು ಪ್ಲಸ್. ನರ್ಸನ್ನು ಕೇಳಿದೆ. ಯುರಿನ್ ಎಂದಳು. ಮೂತ್ರದಲ್ಲಿ ಸಕ್ಕರೆ ಇಳಿಯುತ್ತದೆ, ಅಂಥವರು ಸಿಹಿ ಮುಟ್ಟಬಾರದು, ಬಸುರಿಯರಿಗೆ ಆದರೆ ಕೂಸು ವಿಪರೀತ ಬೆಳೆಯುತ್ತದೆ ಎಂದೆಲ್ಲ ವಿವರಿಸಿದಳು. ಹುಡುಗಿ ಮುಂದೆ ನರ್ಸಿಂಗ್ ಓದುತ್ತಾಳೇನೋ ಎಂದುಕೊಂಡಿರಬೇಕು. ಥ್ಯಾಂಕ್ ಯೂ ಎಂದೆ. ಮಧ್ಯಾಹ್ನ ಗಂಜಿ ಕೊಟ್ಟರು, ಕುಡಿದೆ. ನನಗೆ ಏನಾಗಬೇಕಿತ್ತೋ ಅದು ಆಗಲೇ ಇಲ್ಲ. ಈಗಲೂ ಆಗಿಲ್ಲ. ಹಲ್ಲು ಕೀಳುವ ಮುನ್ನ ಚುಚ್ಚಿದ ಇಂಜೆಕ್ಷನ್ನು ಇಳಿಯದೆ ಉಳಿದಂತೆ, ಒಳಗೆ ಒಂದು ಜಾಗ ಹಾಗೇ ಇದೆ. ಆ ದಿನದಿಂದ ಗೊತ್ತಿಲ್ಲದ ಶಬ್ದವನ್ನು ಗೊತ್ತಿದೆ ಎನ್ನುವುದನ್ನು ಮಾತ್ರ ಬಿಟ್ಟೆ. ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದಾಗ ಮಕ್ಕಳು ನನ್ನನ್ನು ನೋಡಿ ನಗುತ್ತಿದ್ದರು. ಸಣ್ಣ ಸಣ್ಣ ಪದಕ್ಕೂ ಈ ಮೇಡಮ್ ಡಿಕ್ಷನರಿ ತೆಗೆಯುತ್ತಾಳೆ ಎಂದು.

ಚಿಗವ್ವನನ್ನು ಕೊನೆಯ ಸಲ ನೋಡಿದ್ದು ಬಾದಾಮಿಯಲ್ಲಿ. ಶಾಲೆಯ ಮಕ್ಕಳನ್ನು ಗುಹೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಜೊತೆಯ ಟೀಚರಿಗೆ ಮಕ್ಕಳನ್ನು ಒಪ್ಪಿಸಿ, ವಿಳಾಸ ಕೇಳುತ್ತ ಅವಳ ಅಣ್ಣನ ಮನೆ ಹುಡುಕಿದೆ. ಮುಂದಿನ ಕೋಣೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತೆಳ್ಳಗಾಗಿದ್ದಳು. ಗುರುತು ಹಿಡಿದು, “ಬಾರ ತಂಗಿ, ಎಷ್ಟ ಎತ್ತರ ಬೆಳದಿ,” ಎಂದಳು, ನಾನು ನಲವತ್ತು ದಾಟಿದವಳು. ಚಹಾ ಕೊಟ್ಟಳು. ನಾನು ನಿಂತುಕೊಂಡೇ ಹೇಳಿಬಿಟ್ಟೆ. ಚೀಟಿ, ಯು, ಪ್ಲಸ್ಸು, ರಿವ್ಯೂ, ಎಲ್ಲ. ತಪ್ಪು ಓದಿದೆ ಚಿಗವ್ವ ಎಂದೆ. ಅವಳ ಕೈ ಮೊರದ ಮೇಲೆ ನಿಲ್ಲಲಿಲ್ಲ. ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟಳು.

“ನನಗ ಗೊತ್ತಿತ್ತು.”

“ಏನ ಗೊತ್ತಿತ್ತು?”

“ಆ ಡಾಕ್ಟರಬಾಯಿ ನನ್ನ ಕೈ ಹಿಡಕೊಂಡು ಹೇಳಿದ್ಲು. ಸಿಹಿ ತಿನ್ನಬಾರದು, ಮುಂದಿನ ವಾರ ಬರಬೇಕು ಅಂತ. ಅತ್ತಿಗೆ ಅಕಿ ಮಾತು ತಿಳೀಲಿಲ್ಲ. ನಮ್ಮ ಸಾಲ್ಯಾಗ ಗಟ್ಟದ ಕೆಳಗಿನ ಮಾಸ್ತರ ಇದ್ದ. ನನಗ ತಿಳೀತು.”

“ಮತ್ತ ನಾ ಓದಿದಾಗ...”

“ನೀ ಓದಿದಿ. ಮರದಿನಾ ಅತ್ತಿ ಹಾಲು ತಂದ ಇಟ್ಳು. ಕೂಸಿಗೆ ಹಿಂಗಾಕ್ಕೈತಿ ಅಂತ ಡಾಕ್ಟರಬಾಯಿ ಹೇಳಿದ್ಲೋ ಇಲ್ಲೋ, ನೆನಪಿಲ್ಲ. ಹೇಳಿರಬೇಕು.” ಮೊರವನ್ನು ಒಮ್ಮೆ ಕೇರಿದಳು. “ಭಾಳ ಹಸಿವಿ ಇತ್ತ ತಂಗಿ. ನೀ ಸಣ್ಣಾಕಿ ಇದ್ದಿ. ನಾ ದೊಡ್ಡಾಕಿ ಇದ್ನಿ.”

ಹೊರಗೆ ಯಾರೋ ನಳಕ್ಕೆ ನೀರು ಬಂತೆಂದು ಕೂಗಿದರು. ಅವಳು ಮೊರ ಪಕ್ಕಕ್ಕಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು, ಎರಡು ಕೊಡ ತೆಗೆದುಕೊಂಡಳು. “ಕುಂದರ, ಬರ್ತೇನಿ. ಉಂಡ ಹೋಗಾಕಂತಿ,” ಎಂದಳು. ಮಕ್ಕಳ ಬಸ್ಸಿಗೆ ಹೊತ್ತಾಗಿತ್ತು. ಚಹಾದ ಕಪ್ಪನ್ನು ತೊಳೆದು ಬೋರಲು ಹಾಕಿ ಹೊರಬಿದ್ದೆ. ಓಣಿಯ ತಿರುವಿನಲ್ಲಿ ನಳದ ಮುಂದೆ ಹೆಂಗಸರ ಸಾಲಿತ್ತು. ಅವಳು ಆರನೆಯವಳೋ ಏಳನೆಯವಳೋ, ಆಚೆ ಮುಖ ಮಾಡಿ ನಿಂತಿದ್ದಳು. ಮುಂದಿನವಳು ಕೊಡ ಎತ್ತಿಕೊಂಡು ಹೋದಾಗ ತನ್ನ ಎರಡೂ ಕೊಡಗಳನ್ನು ಕಾಲಿನಿಂದ ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿಸಿದಳು. ನಾನು ಕರೆಯಲಿಲ್ಲ.